ಅಡ್ಡಹೆಸರು ಕೇಳುವ ಸರ್

ಕಳೆದ ತಿಂಗಳು ನಮ್ಮ ಕಾಲೇಜಿನಲ್ಲಿ ಅವರಿಗೆ ಶ್ರದ್ಧಾಂಜಲಿ ಸಭೆ ನಡೆಯಿತು. ಮಾತಾಡಿದವರೆಲ್ಲ ಅವರನ್ನು ಅಜಾತಶತ್ರು ಎಂದರು. ನಾನು ಹಿಂದಿನ ಸಾಲಿನಲ್ಲಿ ಕೂತು ಸೆರಗು ಬಾಯಿಗೆ ಹಿಡಿದುಕೊಂಡೆ. ಅಳುತ್ತಿದ್ದೇನೆಂದು ತಿಳಿದ ಪಕ್ಕದವರು ನೀರಿನ ಬಾಟಲಿ ಕೊಟ್ಟರು. ಗದಗಿನಲ್ಲಾಗಲಿ ಬೆಟಗೇರಿಯಲ್ಲಾಗಲಿ ಈ ಮನುಷ್ಯ ಸಿಟ್ಟಿಗೆಬ್ಬಿಸದೆ ಬಿಟ್ಟ ಓಣಿ ಒಂದೂ ಇರಲಿಲ್ಲ. ಸಿಟ್ಟಾದವರಲ್ಲಿ ಅರ್ಧ ಮಂದಿ ಅಂದು ಮೊದಲ ಸಾಲಿನಲ್ಲೇ ಕೂತಿದ್ದರು, ಒಬ್ಬಿಬ್ಬರು ಭಾಷಣವನ್ನೂ ಮಾಡಿದರು.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅವರ ಹೆಸರಿನ ಅರ್ಧ ಭಾಗ ಹೊಳೆದಂಡೆಯ ಒಂದು ಊರಿನ ಹೆಸರು. ಬರೆದರೆ ನೀವು ಅವರನ್ನು ಆ ಊರಿನವರೆಂದು ತಿಳಿಯುತ್ತೀರಿ, ಅದು ಅವರಿಗೆ ಸೇರುತ್ತಿರಲಿಲ್ಲ. ಯಾಕೆ ಸೇರುತ್ತಿರಲಿಲ್ಲ ಎಂಬುದೇ ಅವರ ಜೀವಮಾನದ ಸಂಶೋಧನೆ. ಕಾಲೇಜಿನಲ್ಲಿ ನಾವೆಲ್ಲ ಸರ್ ಎನ್ನುತ್ತಿದ್ದೆವು, ಇಲ್ಲಿಯೂ ಅಷ್ಟೇ ಸಾಕು.

ಅವರು ಇತಿಹಾಸ ಕಲಿಸುತ್ತಿದ್ದರು, ನಾನು ಕನ್ನಡ. ಸ್ಟಾಫ್ ರೂಮಿನಲ್ಲಿ ನಮ್ಮದು ಎದುರುಬದುರು ಮೇಜು, ಇಬ್ಬರಿಗೂ ಸೇರಿ ಒಂದೇ ಫ್ಯಾನು. ನಾನು ಕೆಲಸಕ್ಕೆ ಸೇರಿದ ದಿನ ಪ್ರಿನ್ಸಿಪಾಲರು ನನ್ನನ್ನು ಪರಿಚಯಿಸಿದಾಗ ಎಲ್ಲರೂ ನಮಸ್ಕಾರ ಎಂದರು. ಇವರೊಬ್ಬರು ಕುರ್ಚಿಯಿಂದ ಅರ್ಧ ಎದ್ದು, ‘ಅಡ್ಡಹೆಸರು?’ ಎಂದರು. ನಮ್ಮ ಕಡೆ ಅಡ್ಡಹೆಸರೆಂದರೆ ಮನೆತನದ ಹೆಸರು. ಶಿರಹಟ್ಟಿ ಎಂದೆ. ‘ಅದು ಯಜಮಾನರದಾತು. ತವರಮನಿದು?’ ತವರು ಲಕ್ಷ್ಮೇಶ್ವರ, ಅಡ್ಡಹೆಸರು ಕೋಟುಮಚಗಿ ಎಂದೆ. ಅವರು ಬಲಗೈಯ ಹೆಬ್ಬೆರಳನ್ನು ನಡುಬೆರಳಿಗೆ ತಿಕ್ಕತೊಡಗಿದರು. ಬೆಟಗೇರಿಯ ಸೀರೆ ವ್ಯಾಪಾರಿಗಳು ಸೆರಗಿನ ನೂಲು ನೋಡುವಾಗ ಹೀಗೆ ತಿಕ್ಕುತ್ತಾರೆ. ಆಮೇಲೆ ನಮ್ಮ ಮುತ್ತಜ್ಜ ಕೋಟುಮಚಗಿ ಬಿಟ್ಟು ಲಕ್ಷ್ಮೇಶ್ವರಕ್ಕೆ ಬಂದವನೆಂದೂ, ನನ್ನ ಗಂಡನ ಕಡೆಯವರು ಶಿರಹಟ್ಟಿ ಬಿಟ್ಟು ಗದಗಿಗೆ ಬಂದವರೆಂದೂ, ನಾನು ಒಂದು ಮದುವೆಯಲ್ಲಿ ಎರಡು ವಲಸೆಗಳನ್ನು ಹೊತ್ತುಕೊಂಡಿದ್ದೇನೆಂದೂ ಹೇಳಿ ಕೂತರು. ಮದುವೆಯಾಗಿ ಆಗಿನ್ನೂ ವರ್ಷವಾಗಿರಲಿಲ್ಲ. ನಾನು ಹೊತ್ತಿದ್ದ ಬೇರೆ ಭಾರಗಳ ಬಗ್ಗೆ ಅವರು ಏನೂ ಕೇಳಲಿಲ್ಲ.

ಅವರ ವಿದ್ಯೆಯೆಲ್ಲ ಈ ಒಂದು ಸೂತ್ರದ ಮೇಲೆ ನಿಂತಿತ್ತು. ಕಳಸಾಪುರ, ಕೋಟುಮಚಗಿ, ಮುಂಡರಗಿ, ಶಿರಹಟ್ಟಿ ಎಂದು ನಮ್ಮ ತರಗತಿಗಳಲ್ಲಿ ಹಾಜರಿ ಕರೆದರೆ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಕೂಗಿದಂತೆ ಕೇಳುತ್ತದೆ. ಆದರೆ ಮುಂಡರಗಿ ಎಂಬ ಅಡ್ಡಹೆಸರಿನವರನ್ನು ಮುಂಡರಗಿಯಲ್ಲಿ ಹುಡುಕಬಾರದು, ಗದಗಿನಲ್ಲಿ ಹುಡುಕಬೇಕು. ಅಲ್ಲಿರುವಾಗ ಎಲ್ಲರೂ ಮುಂಡರಗಿಯವರೇ, ಯಾರನ್ನು ಯಾರು ಹಾಗೆಂದು ಕರೆಯುತ್ತಾರೆ? ಬಿಟ್ಟು ಇನ್ನೊಂದು ಊರಿಗೆ ಬಂದಾಗ ಅಲ್ಲಿಯ ಜನ ಗುರುತಿಗೆಂದು ಹಳೆಯ ಊರಿನ ಹೆಸರು ಹಚ್ಚುತ್ತಾರೆ, ಅದೇ ತಲೆಮಾರುಗಟ್ಟಲೆ ಅಂಟಿಕೊಂಡು ಉಳಿಯುತ್ತದೆ. ‘ಊರಾಗ ಇದ್ದವಗ ಊರಿನ ಹೆಸರು ಸಿಗಂಗಿಲ್ಲರಿ. ಬಿಟ್ಟವಗ ಸಿಗತೈತಿ’ ಎಂದು ಅವರು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಮೊದಲ ಸಲ ಕೇಳಿದಾಗ ಎಷ್ಟು ಚಂದದ ಮಾತು ಅನಿಸಿತ್ತು. ನೂರನೇ ಸಲಕ್ಕೆ ಫ್ಯಾನಿನ ಸದ್ದಿನ ಜೊತೆ ಅದೂ ಬೆರೆತುಹೋಯಿತು.

ಋಷಿಮೂಲ ನದೀಮೂಲ ಕೇಳಬಾರದೆಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಈ ಮನುಷ್ಯ ಪ್ರಿನ್ಸಿಪಾಲರ ಮೂಲ ಕೇಳಿದರು. ಆಗಿದ್ದ ಪ್ರಿನ್ಸಿಪಾಲರಿಗೆ ತಮ್ಮ ಮನೆತನದ ಬಗ್ಗೆ ಬಹಳ ಅಭಿಮಾನ. ಊರು ಕಟ್ಟಿದವರೇ ನಾವು ಎಂಬ ಧಾಟಿ. ವಾರ್ಷಿಕ ಸಮಾರಂಭದ ದಿನ ಅವರು ವೇದಿಕೆಯಿಂದ ಹಾಗೆಂದ ಮೇಲೆ ವಂದನಾರ್ಪಣೆಗೆ ಎದ್ದ ಸರ್, ವಂದನೆ ಬಿಟ್ಟು, ಪ್ರಿನ್ಸಿಪಾಲರ ಹಿರಿಯರು ಎತ್ತಿನ ಮೇಲೆ ಉಪ್ಪು ಹೇರಿಕೊಂಡು ಮಾರುತ್ತ ಬಂದವರೆಂದು, ಅವರ ಅಡ್ಡಹೆಸರಿನ ಊರು ಇಲ್ಲಿಂದ ಎಷ್ಟು ದೂರವೆಂಬುದನ್ನೂ ಸೇರಿಸಿ, ವಿವರಿಸಿದರು. ಹೊಗಳಿಕೆಯೆಂದೇ ಅವರು ತಿಳಿದಿದ್ದರು. ಆ ವರ್ಷ ಅವರ ರಜೆಯ ಅರ್ಜಿಗಳೆಲ್ಲ ವಾಪಸು ಬಂದವು. ಯಾಕೆಂದು ಅವರಿಗೆ ಕೊನೆತನಕ ತಿಳಿಯಲಿಲ್ಲ.

ಮದುವೆಗೆ ಕರೆಯುವುದನ್ನು ಜನ ಮೆಲ್ಲಗೆ ನಿಲ್ಲಿಸಿದರು. ಊಟದ ಪಂಕ್ತಿಯಲ್ಲಿ ಅವರು ಉಣ್ಣುವುದಕ್ಕಿಂತ ಪರೀಕ್ಷೆ ಮಾಡುವುದೇ ಹೆಚ್ಚು. ಗೋಧಿ-ಬೆಲ್ಲದ ಮಾದಲಿ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ, ‘ಇವ್ರು ಮಲಪ್ರಭಾ ದಾಟಿ ಬಂದವ್ರು’ ಎನ್ನುವರು. ಬೀಗರು ಅಲ್ಲೇ ಬಡಿಸುತ್ತ ನಿಂತಿರುತ್ತಿದ್ದರು. ಒಂದು ಸಲ ಈ ಮಾತು ಕೇಳಿ ಗಂಡಿನ ಕಡೆಯವರಿಗೆ ಅನುಮಾನ ಬಂದು, ಹೆಣ್ಣಿನವರು ತಮ್ಮ ಮೂಲವನ್ನೂ ಮನೆದೇವರನ್ನೂ ಮುಚ್ಚಿಟ್ಟಿದ್ದಾರೆಂದು ದೊಡ್ಡ ಮಾತೇ ಆಯಿತು. ತಾಳಿ ಕಟ್ಟಿದ ಮೇಲೆ ನಡೆದದ್ದರಿಂದ ಆ ಹುಡುಗಿ ಬಚಾವಾದಳು. ಜನ ಕರೆಯುವುದನ್ನು ಬಿಟ್ಟಾಗ ಸರ್ ಅದನ್ನೂ ಸಂಶೋಧನೆಗೆ ಜಮಾ ಮಾಡಿಕೊಂಡರು. ‘ಅಸ್ಮಿತೆಯ ಬಿಕ್ಕಟ್ಟು ಮೇಡಂ, ಮಂದಿಗೆ ತಮ್ಮ ಮೂಲ ಕೇಳಾಕ ಅಂಜಿಕಿ’ ಎಂದರು.

ಅಸ್ಮಿತೆ ಅವರ ಪ್ರೀತಿಯ ಶಬ್ದ. ಅವರು ಬರೆದದ್ದು ಒಂದೇ ಪ್ರಬಂಧ. ಧಾರವಾಡದಲ್ಲಿ ಅದು ‘ವಲಸೆ ಮತ್ತು ಅಸ್ಮಿತೆ’, ಮೈಸೂರಿನಲ್ಲಿ ‘ಅಸ್ಮಿತೆ ಮತ್ತು ವಲಸೆ’, ದಿಲ್ಲಿಗೆ ಹೋದಾಗ ‘ವಲಸೆಯ ಅಸ್ಮಿತೆ’. ಹೊಸ ಬಾಟಲಿಯೂ ಇಲ್ಲ, ಚೀಟಿ ಮಾತ್ರ ಹೊಸದು. ಇದೆಲ್ಲ ಸೇರಿ ಒಂದು ದೊಡ್ಡ ಪುಸ್ತಕವಾಗುತ್ತದೆಂದು ನಾನು ಸೇರಿದಾಗಿನಿಂದ ಕೇಳುತ್ತಿದ್ದೆ. ಅದು ಬರುವ ವರ್ಷ ಯಾವಾಗಲೂ ಮುಂದಿನ ವರ್ಷವಾಗಿರುತ್ತಿತ್ತು.

ರವಿವಾರಗಳಂದು ಒಂದು ಜೋಳಿಗೆ, ಒಂದು ಛತ್ರಿ ಹಿಡಿದು ಹೊರಟುಬಿಡುವರು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಯಾವ ಬಸ್ಸು ಮೊದಲು ಬಂತೋ ಅದು. ಬಸ್ಸಿನಲ್ಲಿ ಪಕ್ಕಕ್ಕೆ ಕೂತವನ ಅಡ್ಡಹೆಸರು ಕೇಳುತ್ತ ಹೋಗುವರು, ಬೇರೆ ಪಕ್ಕಕ್ಕೆ ಕೂತವನ ಅಡ್ಡಹೆಸರು ಕೇಳುತ್ತ ಬರುವರು. ಅವರ ಹೆಂಡತಿ ನನಗೆ ಒಮ್ಮೆ ಹೇಳಿದ್ದರು: ‘ಊರ ಮಂದಿ ಎಲ್ಲಿಂದ ಬಂದ್ರು ಅಂತ ಇವ್ರು ಹೇಳ್ತಾರ. ಸಂಜಿಕೆ ತಾವು ಎಷ್ಟಕ್ಕ ಬರ್ತಾರ ಅಂತ ಮಾತ್ರ ಹೇಳಂಗಿಲ್ಲ.’ ತಮ್ಮ ಅಡ್ಡಹೆಸರಿನ ಊರಿಗೆ, ಅದು ಮುಂಡರಗಿಯಾಚೆ ಸಿಂಗಟಾಲೂರಿನ ಹತ್ತಿರದ ಹೊಳೆದಂಡೆಯ ಊರು, ಅವರು ಒಮ್ಮೆಯೂ ಹೋಗಿರಲಿಲ್ಲ. ತಂದೆ ಅಲ್ಲಿಂದ ಗದಗಿನ ಹತ್ತಿ ಮಿಲ್ಲಿನ ಕೆಲಸಕ್ಕೆ ಬಂದವರು. ಯಾಕೆ ಹೋಗಿಲ್ಲ ಎಂದು ಕೇಳಿದರೆ, ‘ಅಲ್ಲಿ ನನ್ನ ಹೆಸರಿನವ್ರು ಯಾರೂ ಇರಂಗಿಲ್ಲಲ್ರಿ’ ಎನ್ನುತ್ತಿದ್ದರು. ಸೂತ್ರದ ಪ್ರಕಾರ ಅದು ಸರಿಯೇ.

ಇಷ್ಟೆಲ್ಲ ನಗುವುದಕ್ಕೆ ಸರಿಯಾಗಿತ್ತು. ನಗುತ್ತಲೇ ಇರುತ್ತಿದ್ದೆವು, ಅವರು ಲಕ್ಷ್ಮೇಶ್ವರದಲ್ಲಿ ರಾಜ್ಯೋತ್ಸವದ ಭಾಷಣ ಮಾಡದೆ ಇದ್ದಿದ್ದರೆ.

ಅಲ್ಲಿ ಸರ್ ಒಂದು ತಾಸು ಮಾತಾಡಿದರು. ಈ ಪೇಟೆಯಲ್ಲಿ ಮೂಲದವರು ಅನ್ನುವವರು ಯಾರೂ ಇಲ್ಲ, ಎಲ್ಲರೂ ಬಂದವರೇ ಎಂದರು. ಕಾಳಿನ ವ್ಯಾಪಾರಿಗಳು ಎಲ್ಲಿಂದ ಬಂದರು, ನೇಕಾರರು ಎಲ್ಲಿಂದ, ಅರ್ಚಕರು ಎಲ್ಲಿಂದ, ಗೌಡರು ಎಲ್ಲಿಂದ ಎಂದು ಒಂದೊಂದೇ ಓಣಿ ಹಿಡಿದು ಹೇಳಿದರು. ನಡುವೆ ಒಂದು ಮಾತು, ಬಳೆ ತೊಡಿಸುವ ಮಣಿಯಾರರೂ ಸವಣೂರಿನ ಕಡೆಯಿಂದ ಬಂದಿರಬೇಕು ಎಂದು. ಯಾರೋ ಮೊಬೈಲಿನಲ್ಲಿ ಭಾಷಣ ಹಿಡಿದಿದ್ದರು. ಒಂದು ತಾಸಿನ ಭಾಷಣದಲ್ಲಿ ಊರಿನ ಗುಂಪುಗಳಲ್ಲೆಲ್ಲ ಓಡಾಡಿದ್ದು ಆ ಒಂದು ವಾಕ್ಯ ಮಾತ್ರ. ನನ್ನ ಮೊಬೈಲಿಗೂ ಬಂತು. ಕೆಳಗೆ ಯಾರೋ ಬರೆದಿದ್ದರು, ದೊಡ್ಡ ವಿದ್ವಾಂಸರೇ ಹೇಳಿದ್ದಾರೆ ಕೇಳಿ ಎಂದು.

ಅದರ ಹಿಂದಿನ ಕತೆ ನನಗೆ ಗೊತ್ತಿತ್ತು. ನನ್ನ ತವರಿನ ಓಣಿಯ ತುದಿಯಲ್ಲಿ ಒಂದು ಬೇವಿನ ಮರ, ಅದರ ಸುತ್ತ ಕಲ್ಲಿನ ಕಟ್ಟೆ. ಆ ಕಟ್ಟೆಯ ಮೇಲೆ ಮಣಿಯಾರ ಮನೆತನದ ಹೆಂಗಸರು ಬಳೆಯ ಪೆಟ್ಟಿಗೆ ಇಟ್ಟುಕೊಂಡು ಕೂರುತ್ತಿದ್ದರು. ಆಗ ಕೂರುತ್ತಿದ್ದವಳು ಇಮಾಂಬವ್ವ, ಅವಳಿಗಿಂತ ಮೊದಲು ಅವಳ ಅತ್ತೆ. ನನ್ನ ಮದುವೆಯ ಹಸಿರು ಬಳೆ ಇಮಾಂಬವ್ವನ ಕೈಯಿಂದಲೇ ಆದದ್ದು. ನನ್ನ ಅಂಗೈ ಅಗಲ, ಬೇರೆ ಯಾರು ತೊಡಿಸಿದರೂ ಅರ್ಧ ಡಜನ್ ಬಳೆ ಹೋಗುತ್ತಿತ್ತು. ಅವಳು ಕೈ ಹಿಚುಕುತ್ತ ಏನಾದರೊಂದು ಕೇಳುತ್ತಿದ್ದಳು, ಉತ್ತರ ಹೇಳುವಷ್ಟರಲ್ಲಿ ಬಳೆ ಮಣಿಕಟ್ಟಿನಾಚೆ ಹೋಗಿರುತ್ತಿತ್ತು. ಬಳೆ ತೊಡಿಸುವವಳಿಗೆ ಅಂಗಡಿಗಿಂತ ಜಾಗ ಮುಖ್ಯ. ಹೆಂಗಸರು ಒಬ್ಬೊಬ್ಬರೇ ಬಂದು, ನೆರಳಿನಲ್ಲಿ ಕೂತು, ಗಂಡಸರ ಕಣ್ಣಿಗೆ ಬೀಳದೆ ಕೈ ಚಾಚುವ ಜಾಗ ಊರಿಗೆ ಒಂದೇ ಇರುತ್ತದೆ.

ಓಣಿಯ ನಾಲ್ಕು ಜನ ದೊಡ್ಡವರು ಸೇರಿ ಆ ಕಟ್ಟೆಯನ್ನು ಚಂದ ಮಾಡಲು ಹೊರಟಿದ್ದರು. ಟೈಲ್ಸ್, ಕಂಬಿ, ದಾನಿಗಳ ಹೆಸರಿನ ಕಲ್ಲು. ಬಳೆಯ ಪೆಟ್ಟಿಗೆಗಳು ಚಂದಕ್ಕೆ ಅಡ್ಡಬರುತ್ತವೆ. ಎಬ್ಬಿಸಲು ಒಂದು ಕಾರಣ ಬೇಕಿತ್ತು, ಅದನ್ನು ಸರ್ ಮೈಕಿನಲ್ಲಿ ಕೊಟ್ಟುಬಂದಿದ್ದರು. ಕಟ್ಟೆ ಊರಿನ ಮೂಲದವರದು, ಹೊರಗಿನಿಂದ ಬಂದವರು ಬೇರೆ ಕಡೆ ನೋಡಿಕೊಳ್ಳಲಿ ಎಂದು ತೀರ್ಮಾನವಾಯಿತು.

ಇಮಾಂಬವ್ವ ಬಸ್ಸು ಹಿಡಿದು ಗದಗಿಗೆ ಬಂದಳು. ಊರಿನ ಮಗಳೆಂದು ನನ್ನ ಮನೆಗೆ ಬಂದವಳನ್ನು ನಾನು ಸರ್ ಮನೆಗೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ನನಗೆ ಸಿಟ್ಟು. ಹೋಗಿ ನೋಡಿದರೆ ಈ ಮಹಾರಾಯರು ಆ ಮೊಬೈಲ್ ತುಣುಕನ್ನು ನೋಡಿ ಖುಷಿಯಾಗಿದ್ದಾರೆ, ತಮ್ಮ ಮಾತು ಜನರಿಗೆ ಮುಟ್ಟಿತೆಂದು! ಇಮಾಂಬವ್ವ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಂತೆ ಅವರು ಅವಳ ತವರಿನ ಅಡ್ಡಹೆಸರು ಕೇಳಿದರು. ಅವಳು ಹೇಳಿದಳು. ಹೆಬ್ಬೆರಳು ನಡುಬೆರಳಿಗೆ ತಿಕ್ಕಲು ಶುರುವಾಯಿತು, ಸವಣೂರಿನ ನವಾಬರ ಕಾಲಕ್ಕೆ ಹೋಗಿ ಅವರು ಇನ್ನೇನು ಕೂರುವವರಿದ್ದರು.

ಇಮಾಂಬವ್ವ ನಡುವೆ ಬಾಯಿ ಹಾಕಿದಳು. ‘ಸರ್, ನಾವು ಎಲ್ಲಿಂದ ಬಂದೀವಿ ಅನ್ನೋದು ಇರಲಿ ಬಿಡ್ರಿ. ನಾಳೆ ಎಲ್ಲಿ ಕುಂಡ್ರಬೇಕು, ಅದನ್ನ ಹೇಳ್ರಿ.’

ಬೆರಳು ನಿಂತಿತು. ಆಗ ಅವರಿಗೆ ಮೊದಲ ಸಲ ವಿಷಯ ತಲೆಗೆ ಹೋದಂತೆ ಕಂಡಿತು. ಮುಖ ಸಣ್ಣದಾಯಿತು. ಒಳಗಿನಿಂದ ಅವರ ಹೆಂಡತಿ ಚಹಾ ತಂದಿಟ್ಟು, ಗಂಡನ ಕಡೆ ನೋಡದೆ, ಹೊರಗಿನ ಮಂದಿಯ ಉಸಾಬರಿ ಮಾಡಿದರೆ ಹೀಗೇ ಆಗುವುದೆಂದು ಗೋಡೆಗೆ ಹೇಳಿದರು. ಸರ್ ಎದ್ದು ನಿಂತು, ತಾವೇ ಲಕ್ಷ್ಮೇಶ್ವರಕ್ಕೆ ಬರುವುದಾಗಿಯೂ, ಆ ದೊಡ್ಡವರ ಎದುರಿಗೆ ಎಲ್ಲವನ್ನೂ ರುಜುವಾತು ಮಾಡುವುದಾಗಿಯೂ ಮಾತು ಕೊಟ್ಟರು. ರುಜುವಾತು ಎಂಬ ಶಬ್ದ ಬಾಯಿಂದ ಬರುತ್ತಿದ್ದಂತೆ ಅವರ ಮುಖ ಮತ್ತೆ ದೊಡ್ಡದಾಯಿತು. ನನಗೆ ಅಲ್ಲೇ ಅಂಜಿಕೆಯಾಗಿತ್ತು.

ಸಭೆ ಕೂಡಿದ್ದು ದೊಡ್ಡವರಲ್ಲಿ ಒಬ್ಬರ ಅಂಗಡಿಯ ಮಹಡಿಯಲ್ಲಿ. ಸುತ್ತಲೂ ಪ್ಲಾಸ್ಟಿಕ್ ಕುರ್ಚಿ, ನಡುವೆ ಚುರಮುರಿ, ಮಿರ್ಚಿ. ಇಮಾಂಬವ್ವ ಮತ್ತು ಅವಳ ಮಗ ಮೆಟ್ಟಿಲ ಬಾಗಿಲಿನ ಹತ್ತಿರ ನಿಂತಿದ್ದರು. ಕೂರಿ ಎಂದು ಯಾರೂ ಹೇಳಲಿಲ್ಲವೆಂದು ನಾನೇ ಎರಡು ಕುರ್ಚಿ ಎಳೆದು ಕೊಟ್ಟೆ, ಅವರು ಕೂರಲಿಲ್ಲ. ಸರ್ ಜೋಳಿಗೆ ಕೆಳಗಿಟ್ಟು, ಕಟ್ಟೆ ಸಮಿತಿಯ ಅಧ್ಯಕ್ಷರಿಂದ ಶುರು ಮಾಡಿದರು.

‘ಅಡ್ಡಹೆಸರು?’

ಅಧ್ಯಕ್ಷರು ಬಂಕಾಪುರ ಎಂದರು. ಪಕ್ಕದವರು ಕಳಸಾಪುರ, ಅವರ ಪಕ್ಕದವರು ಸವಣೂರ, ಮೂಲೆಯವರು ಹಾವೇರಿ. ಒಬ್ಬೊಬ್ಬರಿಗೂ ಅವರ ಹಿರಿಯರು ಯಾವ ಊರು ಬಿಟ್ಟರು, ಯಾವ ದಾರಿಯಲ್ಲಿ ಬಂದರು, ಏನು ಹೊತ್ತುಕೊಂಡು ಬಂದಿರಬಹುದು ಎಂದು ಸರ್ ಹೇಳುತ್ತ ಹೋದರು. ಅಂದು ಅವರು ಬಹಳ ಚಂದ ಮಾತಾಡಿದರು, ಅದನ್ನು ಒಪ್ಪಲೇಬೇಕು. ಮಣಿಯಾರರನ್ನು ಸವಣೂರಿನ ಕಡೆಯವರೆಂದು ಎಬ್ಬಿಸಲು ಹೊರಟವರಲ್ಲಿ ಒಬ್ಬರ ಅಡ್ಡಹೆಸರೇ ಸವಣೂರ ಎಂದು ತೋರಿಸಿದಾಗ ಸಭೆಗೆ ಸಭೆಯೇ ನಕ್ಕಿತು. ಸವಣೂರ ಅವರು ಎಲ್ಲರಿಗಿಂತ ಜೋರಾಗಿ ನಕ್ಕರು. ಕೆಳಗಿನ ಅಂಗಡಿಯವರು ಮೇಲೆ ಬಂದು ತಮ್ಮದನ್ನೂ ಹೇಳಿರೆಂದು ಕೂತರು. ಕೈ ನೋಡಿ ಶಾಸ್ತ್ರ ಹೇಳುವವರ ಮುಂದೆ ಕೂಡುವಂತೆ ಜನ ಕೂಡಿದರು. ಮತ್ತೊಂದು ಸುತ್ತು ಮಿರ್ಚಿ ಬಂತು. ಸರ್ ಹೆಗಲು ಬಿಚ್ಚಿಕೊಂಡು ಮಾತಾಡುತ್ತಿದ್ದರು, ಎರಡು ಬೆರಳು ನಿಲ್ಲದೆ ತಿಕ್ಕುತ್ತಿದ್ದವು. ಯಾತಕ್ಕೆ ಬಂದಿದ್ದೇವೆ ಎಂಬುದು ಅವರಿಗೆ ಮರೆತುಹೋಗಿದೆಯೆಂದು ನನಗೆ ಖಾತ್ರಿಯಾಯಿತು. ಬಾಗಿಲ ಕಡೆ ನೋಡಲು ನನಗೆ ಧೈರ್ಯವಾಗಲಿಲ್ಲ.

ಕೊನೆಗೆ ನಾನೇ ಕೆಮ್ಮಿ ನೆನಪಿಸಿದೆ. ಅವರು ಎಚ್ಚತ್ತು, ತಮ್ಮ ತೀರ್ಪು ಹೇಳಿದರು. ಇಲ್ಲಿ ಕೂತವರ ಹೆಸರುಗಳೆಲ್ಲ ಬಿಟ್ಟು ಬಂದ ಊರುಗಳ ಹೆಸರುಗಳು. ಮಣಿಯಾರ ಎಂಬುದು ಕಸುಬಿನ ಹೆಸರು, ಅದರಲ್ಲಿ ಯಾವ ಊರೂ ಇಲ್ಲ. ಅವರು ಎಲ್ಲಿಂದಲೋ ಬಂದರೆನ್ನಲು ತಮ್ಮ ಹತ್ತಿರ ಪುರಾವೆಯಿಲ್ಲ, ರಾಜ್ಯೋತ್ಸವದ ದಿನ ಆಡಿದ್ದು ಬರೀ ಊಹೆ, ಅದನ್ನು ವಾಪಸು ತೆಗೆದುಕೊಳ್ಳುತ್ತೇನೆ ಎಂದರು. ಸಭೆಯಲ್ಲಿ ಚಪ್ಪಾಳೆ ಬಿತ್ತು. ನಿಜವಾದ ಚಪ್ಪಾಳೆ. ಅಧ್ಯಕ್ಷರು ಎದ್ದು ಸರ್‌ಗೆ ಶಾಲು ಹೊದಿಸಿದರು, ಕೈಗೆ ಹಣ್ಣಿನ ಬುಟ್ಟಿ ಕೊಟ್ಟರು. ಶಾಲು ಮೊದಲೇ ತರಿಸಿಟ್ಟದ್ದಿತ್ತು.

ಆಮೇಲೆ ಅಧ್ಯಕ್ಷರು ಬಹಳ ಮರ್ಯಾದೆಯಿಂದ ಹೇಳಿದರು: ‘ಸರ್ ಹೇಳಿದ್ದು ಎಲ್ಲಾ ಖರೆ ಐತ್ರಿ. ನಾವೂ ಬಂದವರ ಅಂತ ಇವತ್ತ ಗೊತ್ತಾತು, ಭಾಳ ಸಂತೋಷ ಆತು. ಟೈಲ್ಸ್ ಮಾತ್ರ ಸೋಮವಾರ ಬರ್ತಾವ್ರಿ.’

ಸರ್‌ಗೆ ಅರ್ಥವಾಗಲಿಲ್ಲ. ಅವರು ಮತ್ತೆ ಮೊದಲಿನಿಂದ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಕುರ್ಚಿಗಳನ್ನು ಒಂದರ ಮೇಲೊಂದು ಇಡಲು ಶುರುವಾಗಿತ್ತು. ಇಮಾಂಬವ್ವನ ಮಗ ಏನೋ ಹೇಳಹೋದ. ಅವಳು ಅವನ ತೋಳು ಹಿಡಿದು ಮೆಟ್ಟಿಲು ಇಳಿಸಿಕೊಂಡು ಹೋದಳು.

ವಾಪಸು ಬಸ್ಸಿನಲ್ಲಿ ಅವರು ಕಿಟಕಿಯ ಪಕ್ಕ ಕೂತು, ಮಡಿಲಲ್ಲಿ ಹಣ್ಣಿನ ಬುಟ್ಟಿ ಇಟ್ಟುಕೊಂಡಿದ್ದರು. ಶಾಲು ಇನ್ನೂ ಹೆಗಲ ಮೇಲಿತ್ತು. ಭಾಷಣ ಹೇಗಾಯಿತೆಂದು ಕೇಳಿದರು. ನನಗೆ ತಡೆಯಲಾಗಲಿಲ್ಲ. ‘ಅವ್ರು ನಗಾಕತ್ತಿದ್ರು ಸರ್. ಸೋತವ್ರು ಹಂಗ ನಗಂಗಿಲ್ಲ’ ಎಂದೆ. ಒಂದು ಜೀವಮಾನ ಜನ ಎಲ್ಲಿಂದ ಬಂದರೆಂದು ಕೇಳಿದವರಿಗೆ, ಜನರನ್ನು ಎಬ್ಬಿಸುವುದು ಹೇಗೆ, ಯಾಕೆ ಎಂಬುದು ತಿಳಿದಿರಲಿಲ್ಲ. ಪುರಾವೆ ಕೊಟ್ಟರೆ ಪೆಟ್ಟಿಗೆ ಉಳಿಯುತ್ತದೆ ಎಂದು ನಂಬುವ ಮುಗ್ಧತೆ ಮೇಷ್ಟ್ರುಗಳಿಗೆ ಮಾತ್ರ ಸಾಧ್ಯ. ಗದಗು ಬರುವ ತನಕ ಅವರು ಪಕ್ಕದಲ್ಲಿ ನಿಂತವರ ಅಡ್ಡಹೆಸರು ಕೇಳಲಿಲ್ಲ. ಇಳಿಯುವಾಗ ಹಣ್ಣಿನ ಬುಟ್ಟಿ ಸೀಟಿನ ಮೇಲೇ ಬಿಟ್ಟರು. ಕಂಡಕ್ಟರ್ ಕೂಗಿ ಕರೆದರೂ ತಿರುಗಲಿಲ್ಲ.

ಕಟ್ಟೆಗೆ ಟೈಲ್ಸ್ ಬಂತು. ಹೆಸರಿನ ಕಲ್ಲು ನಿಲ್ಲಿಸಲು ಜಾಗ ಸಾಲದೆಂದು ಬೇವಿನ ಎರಡು ದೊಡ್ಡ ಟೊಂಗೆ ಕಡಿದರು. ಈಗ ಅಲ್ಲಿ ನೆರಳಿಲ್ಲ, ಟೈಲ್ಸು ಮಧ್ಯಾಹ್ನ ಕಾಯುತ್ತದೆ, ಯಾರೂ ಕೂರುವುದಿಲ್ಲ. ಕಲ್ಲಿನ ಮೇಲೆ ದಾನಿಗಳ ಹೆಸರುಗಳಿವೆ. ಬಂಕಾಪುರ, ಕಳಸಾಪುರ, ಸವಣೂರ, ಹಾವೇರಿ. ಬಸ್‌ಸ್ಟ್ಯಾಂಡಿನ ಬೋರ್ಡಿನಂತೆ ಓದಿಕೊಳ್ಳಬಹುದು.

ಇಮಾಂಬವ್ವನ ಮನೆಯವರು ಸ್ವಲ್ಪ ದಿನ ಬಸ್‌ಸ್ಟ್ಯಾಂಡಿನ ಹಿಂದೆ ಕೂತು ನೋಡಿದರು. ಅಲ್ಲಿಗೆ ಹೆಂಗಸರು ಬರಲಿಲ್ಲ. ಆಮೇಲೆ ಊರು ಬಿಟ್ಟರೆಂದು ತವರಿನಲ್ಲಿರುವ ನನ್ನ ತಮ್ಮ ಫೋನ್ ಮಾಡಿ ಹೇಳಿದ. ಯಾವ ಊರಿಗೆ ಎಂದು ಅವನಿಗೆ ಗೊತ್ತಿರಲಿಲ್ಲ, ಕೇಳಲೂ ಹೋಗಿರಲಿಲ್ಲ.

ಸರ್ ನಿವೃತ್ತರಾದರು. ಪುಸ್ತಕ ಎಲ್ಲಿಗೆ ಬಂತೆಂದು ಯಾರಾದರೂ ಕೇಳಿದರೆ, ಮುಂದಿನ ವರ್ಷ ಎನ್ನುವುದನ್ನು ಬಿಟ್ಟಿದ್ದರು. ‘ಒಂದು ಅಧ್ಯಾಯ ತಪ್ಪೈತಿ’ ಎನ್ನುವರು. ಯಾವುದು ಎಂದರೆ ಹೇಳುತ್ತಿರಲಿಲ್ಲ. ಬೀಳ್ಕೊಡುಗೆಯ ದಿನ ಹೊಸದಾಗಿ ಸೇರಿದ ಹುಡುಗಿಯೊಬ್ಬಳನ್ನು ಅವರಿಗೆ ಪರಿಚಯಿಸಿದರು, ಅಡ್ಡಹೆಸರು ಕೇಳುತ್ತಾರೆಂದು ನಾವೆಲ್ಲ ನಗಲು ಸಿದ್ಧರಾಗಿದ್ದೆವು. ಅವರು ಊಟ ಆಯಿತೇ ಎಂದು ಕೇಳಿದರು. ಆಮೇಲೆ ರವಿವಾರದ ತಿರುಗಾಟವೂ ನಿಂತಿತೆಂದು ನಾನು ತಿಳಿದಿದ್ದೆ. ಅದು ತಪ್ಪು ತಿಳಿವಳಿಕೆಯಾಗಿತ್ತು.

ಶ್ರದ್ಧಾಂಜಲಿ ಸಭೆಯಾದ ಮುಂದಿನ ವಾರ ಮುಂಡರಗಿಯಲ್ಲಿ ನನ್ನ ತಂಗಿಯ ಮಗಳ ಕುಬಸ ಇತ್ತು. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸುವ ಕಾರ್ಯ. ಅವಳ ಅತ್ತೆ ಜಗಲಿಯಿಂದ ಕೂಗಿ, ಬಳೆಯವರಿಗೆ ಹೇಳಿ ಕಳಿಸಿದ್ದು ಆಯಿತೇ ಎಂದು ಯಾರನ್ನೋ ಕೇಳಿದರು. ಒಳಗಿನಿಂದ ಉತ್ತರ ಬಂತು: ‘ಲಕ್ಷ್ಮೇಶ್ವರದವ್ರು ಆಗಲೇ ಬಂದಾರ್ರಿ, ಹಿತ್ತಲದಾಗ ಕುಂತಾರ.’

ನಾನು ಹಿತ್ತಲಿಗೆ ಹೋದೆ. ಪೆಟ್ಟಿಗೆ ಬಿಚ್ಚಿಕೊಂಡು ಕೂತಿದ್ದವಳು ಇಮಾಂಬವ್ವ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಸೊಸೆ ಪಕ್ಕದಲ್ಲಿ ಬಳೆ ಜೋಡಿಸುತ್ತಿದ್ದಳು. ಮೊಮ್ಮಗಳನ್ನು ಇಲ್ಲಿಯ ಶಾಲೆಗೆ ಹಾಕಿದ್ದಾರಂತೆ, ಅಲ್ಲಿಯೂ ಮಾಸ್ತರು ಲಕ್ಷ್ಮೇಶ್ವರ ಎಂದೇ ಕರೆಯುತ್ತಾರಂತೆ. ಸೊಸೆ ಅದನ್ನು ನಗುತ್ತ ಹೇಳಿದಳು. ನಮ್ಮ ಮನೆತನ ನಾಲ್ಕು ತಲೆಮಾರಿನಿಂದ ಲಕ್ಷ್ಮೇಶ್ವರದಲ್ಲಿದೆ, ಆ ಹೆಸರಿನಿಂದ ನಮ್ಮನ್ನು ಯಾರೂ ಒಮ್ಮೆಯೂ ಕರೆದಿಲ್ಲ. ಊರಲ್ಲಿರುವ ತನಕ ಇವರನ್ನು ಹೊರಗಿನವರೆಂದರು. ಹೊರಗೆ ಹಾಕಿದ ಮೇಲೆ ಊರಿನ ಹೆಸರು ಸಿಕ್ಕಿತು. ನಾನು ಅಲ್ಲೇ ಕಲ್ಲಿನ ಮೇಲೆ ಕೂತೆ.

ಸರ್ ತೀರಿಕೊಂಡದ್ದು ಅವಳಿಗೆ ಗೊತ್ತಿತ್ತು. ಅವರು ಒಂದು ರವಿವಾರ ಇಲ್ಲಿಗೂ ಬಂದಿದ್ದರಂತೆ. ಬಸ್ಸಿನಲ್ಲಿ ಬಂದು, ಇವರ ಮನೆ ಕೇಳಿಕೊಂಡು ಹುಡುಕಿ ಬಂದು, ಬಾಗಿಲಲ್ಲೇ ನಿಂತು, ಇಲ್ಲಿ ನಿಮ್ಮನ್ನು ಏನಂತ ಕರೆಯುತ್ತಾರೆ ಎಂದು ಕೇಳಿದರಂತೆ. ಲಕ್ಷ್ಮೇಶ್ವರದವರು ಅಂತಾರೆಂದು ಇವಳು ಹೇಳಿದಳು. ‘ಆಮ್ಯಾಲೆ ಅಲ್ಲೇ ಬಾಗಿಲದಾಗ ಕುಂತ್ರು. ಕಣ್ಣಾಗ ನೀರು ಬಂದುವು. ಓದಿದವ್ರು, ತಾವು ಬರದಿದ್ದು ಖರೆ ಆತಂತ ಖುಷಿ ಆಗಿರಬೇಕು ಅಂದುಕೊಂಡೆ. ಚಾ ಮಾಡಿ ಕೊಟ್ಟೆ’ ಎಂದಳು.

ಬೆರಳು ತಿಕ್ಕುತ್ತಿದ್ದರೇ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಆ ಮನುಷ್ಯನ ಮೇಲೆ ನನಗಿದ್ದ ಸಿಟ್ಟು ಪೂರ್ತಿ ಹೋಗಿಲ್ಲ, ಇನ್ನು ಹೋಗುವುದೂ ಇಲ್ಲ. ಆದರೆ ಅಜಾತಶತ್ರು ಎಂದು ಭಾಷಣ ಬಿಗಿದವರಲ್ಲಿ ಒಬ್ಬರೂ ಇಮಾಂಬವ್ವ ಎಲ್ಲಿಗೆ ಹೋದಳೆಂದು ಹುಡುಕಿಕೊಂಡು ಬಂದಿರಲಿಲ್ಲ. ನಾನೂ ಬಂದಿರಲಿಲ್ಲ, ಕುಬಸದ ಊಟಕ್ಕೆ ಬಂದಿದ್ದೆ.

ಬಸುರಿಗೆ ತೊಡಿಸಿಯಾದ ಮೇಲೆ ಇಮಾಂಬವ್ವ ನನ್ನ ಕೈಯನ್ನೂ ಎಳೆದುಕೊಂಡಳು. ಅಂಗೈ ಇನ್ನೂ ಅಗಲವೇ ಇದೆ ಎಂದು ನಕ್ಕಳು. ಹೆಬ್ಬೆರಳ ಬುಡವನ್ನು ಹಿಚುಕಿ, ಹಸಿರು ಬಳೆಯನ್ನು ಗೆಣ್ಣಿನ ತನಕ ತಂದು, ಮುಖ ಎತ್ತಿ ನನ್ನನ್ನು ಕೇಳಿದಳು.

‘ನಮ್ಮೂರಾಗ ಎಲ್ಲಾರೂ ಆರಾಮ ಅದಾರೇನವ್ವಾ?’

ಆರಾಮ ಅದಾರ, ಎಂದೆ. ಅಷ್ಟರಲ್ಲಿ ಬಳೆ ಮಣಿಕಟ್ಟಿನಾಚೆ ಹೋಗಿತ್ತು.